ಗ್ರಾಮಶಾಲೆಯೂ ವೇಗದ ಅಂತರ್ಜಾಲವೂ

ಹಳ್ಳಿಯ ಶಾಲೆಗೆ ವೇಗದ ಅಂತರ್ಜಾಲ ಬಂದರೆ ವಿದ್ಯೆ ಸುಧಾರಿಸುವುದೆಂದು ಎಲ್ಲರೂ ಹೇಳುತ್ತಾರೆ. ಯಾವ ಬಗೆಯಿಂದ ಸುಧಾರಿಸುವುದೆಂದು ಹೇಳುವವರು ಕಡಮೆ. ಈ ಎರಡನೆಯ ವಿಷಯವನ್ನು ನಮ್ಮ ಮರವಂತೆಯನ್ನು ಕಣ್ಣೆದುರಿಗಿಟ್ಟುಕೊಂಡು ವಿಚಾರಮಾಡಬೇಕೆಂದು ನನ್ನ ಇಚ್ಛೆ.

ದೂರದಿಂದ ಪಾಠ ಹೇಳುವುದು ನಮ್ಮ ನಾಡಿಗೆ ಹೊಸತಲ್ಲ. 1975-76ರಲ್ಲಿ ಅಮೆರಿಕದ ಉಪಗ್ರಹವೊಂದರ ನೆರವಿನಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನದ ಪಾಠಗಳು ತಲುಪಿದವು, ಕರ್ನಾಟಕವೂ ಅವುಗಳಲ್ಲೊಂದು. 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟೆಯಿಂದ ಹಾರಿದ ‘ಎಡುಸ್ಯಾಟ್’ ಶಿಕ್ಷಣಕ್ಕೆಂದೇ ಮೀಸಲಾಗಿತ್ತು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳು ಅದರ ಪಾಠಗಳನ್ನು ಪಡೆದವು. 2010ರಲ್ಲಿ ಅದರ ಆಯುಸ್ಸು ತೀರಿತು. ದೊಡ್ಡ ಕೆಲಸಗಳೇ ಸರಿ. ಆದರೆ ಆ ಮಕ್ಕಳು ನೋಡಬಹುದಿತ್ತು, ಕೇಳಬಹುದಿತ್ತು, ಮರುಪ್ರಶ್ನೆ ಹಾಕುವಂತಿರಲಿಲ್ಲ.

ಮರವಂತೆಯ ಮಗುವಿನ ಪ್ರಶ್ನೆ ಎಂತಹದಿರಬಹುದು? ಅಲ್ಲಿ ಹೆದ್ದಾರಿಯ ಒಂದು ಮಗ್ಗುಲಲ್ಲಿ ಕಡಲು, ಇನ್ನೊಂದರಲ್ಲಿ ಸೌಪರ್ಣಿಕಾ. ಇಷ್ಟು ಸಮೀಪಕ್ಕೆ ಬಂದ ನದಿ ಅಲ್ಲಿಯೇ ಕಡಲಿಗೆ ಬೀಳದೆ ಮುಖ ತಿರುಗಿಸಿ ಗಂಗೊಳ್ಳಿಯವರೆಗೆ ಹೋಗುವುದೇಕೆ? ಇದು ಯಾವ ಪಠ್ಯಪುಸ್ತಕದ ಅಭ್ಯಾಸದಲ್ಲೂ ಇರಲಾರದು. ಅಲೆಗಳು ಕಟ್ಟಿದ ಮರಳ ದಿಬ್ಬದಿಂದ ಆರಂಭಿಸಿ ಭೂಗೋಳವನ್ನೆಲ್ಲ ಹೇಳಬಹುದಾದ ಪ್ರಶ್ನೆ ಅದು.

ಗಾಜಿನ ಎಳೆಯ ತಂತಿಯ ಪ್ರಯೋಜನ ಇಲ್ಲಿಯೇ. ಗಾಜಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರು ಓಡುತ್ತದೆ. 400 ಕಿಲೋಮೀಟರು ದೂರ ಹೋಗಲು ಸೆಕೆಂಡಿನ ಸಾವಿರದಲ್ಲೆರಡು ಪಾಲು ಸಾಕು. ಎಡುಸ್ಯಾಟ್‌ನಂತಹ ಉಪಗ್ರಹವಿರುವುದು ಸುಮಾರು 36,000 ಕಿಲೋಮೀಟರು ಮೇಲೆ. ಪ್ರಶ್ನೆ ಹೋಗಿ ಉತ್ತರ ಬರಲು ಅರ್ಧ ಸೆಕೆಂಡು ಹಿಡಿಯುತ್ತದೆ. ಅರ್ಧ ಸೆಕೆಂಡು ಏನು ಮಹಾ ಎನ್ನಬಹುದು. ಮಾತಿಗೆ ಮಾತು ಕೊಡುವಾಗ ಅದೂ ತೊಡಕೇ. ಮೇಲಾಗಿ ಅದು ಬಳಸಿದ ಬಗೆಯ ಸೂಕ್ಷ್ಮತರಂಗಗಳು ಬಿರುಮಳೆಯಲ್ಲಿ ಕುಂದುತ್ತವೆ. ನಮ್ಮ ಕಡೆಯ ಆಷಾಢವನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಿಲ್ಲ.

2011ರಲ್ಲಿ ಕೇಂದ್ರ ಸರಕಾರ ಒಪ್ಪಿದ, ಮುಂದೆ ‘ಭಾರತ್‌ನೆಟ್’ ಎನಿಸಿದ ಯೋಜನೆಯ ಗುರಿ ಸುಮಾರು ಎರಡೂವರೆ ಲಕ್ಷ ಗ್ರಾಮಪಂಚಾಯತಿಗಳಿಗೆ ಈ ತಂತಿಯನ್ನು ಮುಟ್ಟಿಸುವುದು. ಪಂಚಾಯತಿಗೆ ಬಂದ ತಂತಿ ಶಾಲೆಗೆ ಬಂದಂತಾಗಲಿಲ್ಲ. ಆ ಕೊನೆಯ ಫರ್ಲಾಂಗು, ಸಿಡಿಲಿಗೆ ನಿಂತುಹೋಗುವ ವಿದ್ಯುತ್ತು, ಯಂತ್ರ ಕೆಟ್ಟರೆ ನೋಡುವವರು, ಇವುಗಳದೇ ನಿಜವಾದ ಚಿಂತೆ. ವೇಗದ ಚಿಂತೆ ಅಷ್ಟಿಲ್ಲ. ತರಗತಿಗೆಲ್ಲ ಒಂದೇ ತೆರೆಯಾದರೆ ಸೆಕೆಂಡಿಗೆ ಕೆಲವೇ ಮೆಗಾಬಿಟ್ ಸಾಕು. ಮೂವತ್ತು ಮಕ್ಕಳಿಗೆ ಮೂವತ್ತು ತೆರೆ ಕೊಟ್ಟು ಮೌನವಾಗಿ ಕೂರಿಸುವುದಕ್ಕಿಂತ ಅದೇ ಮೇಲೆಂದು ನನ್ನ ಮತ. ಒಬ್ಬನ ಪ್ರಶ್ನೆ ಎಲ್ಲರ ಕಿವಿಗೂ ಬೀಳುತ್ತದೆ.

ಪಾಠ ಬೆಂಗಳೂರಿನಿಂದಲೇ ಬರಬೇಕೆಂಬ ನಿಯಮವೂ ಇಲ್ಲ. ಕುಂದಗನ್ನಡದಲ್ಲಿ ಕೇಳಿದ್ದನ್ನು ತಿಳಿದು ಕುಂದಗನ್ನಡದಲ್ಲೇ ಬಿಡಿಸಿ ಹೇಳಬಲ್ಲವರು ನಮ್ಮ ಕಾಲೇಜಿನಲ್ಲೇ ಇದ್ದಾರೆ. ಉಪನ್ಯಾಸಕರೊಬ್ಬರು, ಜೊತೆಗೆ ನಮ್ಮಲ್ಲಿ ಇಬ್ಬರು ವಿದ್ಯಾರ್ಥಿಗಳು, ವಾರಕ್ಕೊಂದು ಗಂಟೆ ಕುಳಿತರೆ ಆರಂಭಕ್ಕೆ ಸಾಕು. ಶನಿವಾರ ತರಗತಿಗಳು ಮುಗಿದ ಮೇಲೆ ಆ ಗಂಟೆ ದೊರೆಯಬಹುದೆಂದು ನನಗೆ ತೋರುತ್ತದೆ.