ಗಂಟಿಲ್ಲದ ಸ್ತನ ಕ್ಯಾನ್ಸರ್: ರೋಗಿಯ ಹಕ್ಕುಗಳೇನು?

ಸ್ತನ ಕ್ಯಾನ್ಸರ್ ಎಂದರೆ ಗಂಟು ಎಂದೇ ನಾವೆಲ್ಲ ತಿಳಿದಿದ್ದೇವೆ. ಆರೋಗ್ಯ ಶಿಬಿರಗಳಲ್ಲಿ ಹೇಳುವುದೂ ಅದನ್ನೇ: ಕೈಯಾಡಿಸಿ ನೋಡಿಕೊಳ್ಳಿ, ಗಂಟು ಸಿಕ್ಕರೆ ಡಾಕ್ಟರ ಬಳಿ ಬನ್ನಿ. ಆದರೆ ಸ್ತನ ಕ್ಯಾನ್ಸರ್ ರೋಗಿಗಳಲ್ಲಿ ನೂರಕ್ಕೆ ಒಂದರಿಂದ ಐದು ಮಂದಿಗೆ ಬರುವ ಒಂದು ಬಗೆಯಲ್ಲಿ ಹೆಚ್ಚಿನ ವೇಳೆ ಗಂಟು ಕೈಗೆ ಸಿಗುವುದೇ ಇಲ್ಲ. ಅದು ಇನ್‌ಫ್ಲಮೇಟರಿ ಬ್ರೆಸ್ಟ್ ಕ್ಯಾನ್ಸರ್, ಅಂದರೆ ಉರಿಯೂತದ ಸ್ತನ ಕ್ಯಾನ್ಸರ್. ಕೆಲವು ವಾರಗಳಲ್ಲೇ ಸ್ತನ ಊದಿಕೊಂಡು ಕೆಂಪಾಗುತ್ತದೆ, ಮುಟ್ಟಿದರೆ ಬಿಸಿ. ಚರ್ಮ ಕಿತ್ತಳೆ ಸಿಪ್ಪೆಯ ಹಾಗೆ ಗುಳಿಗುಳಿಯಾಗುತ್ತದೆ, ತೊಟ್ಟು ಒಳಕ್ಕೆ ಸೇದಿಕೊಳ್ಳಬಹುದು. ನಮ್ಮ ಮೈಬಣ್ಣದಲ್ಲಿ ಕೆಂಪು ಎದ್ದು ಕಾಣದೆ ಬರೀ ಕಪ್ಪಿಟ್ಟಂತೆ ತೋರುವುದೂ ಉಂಟು. ಹಾಲೂಡಿಸುವ ತಾಯಂದಿರಿಗೆ ಬರುವ ಎದೆ ಬಾವೂ ನೋಡಲು ಹೀಗೇ ಇರುತ್ತದೆ. ಹಾಗಾಗಿ ಮೊದಲ ಭೇಟಿಯಲ್ಲಿ ಆಂಟಿಬಯಾಟಿಕ್ ಬರೆದುಕೊಡುವುದು ಸಾಮಾನ್ಯ.

ಹಾಗೆ ಬರೆದುಕೊಟ್ಟ ವೈದ್ಯರು ತಪ್ಪಿತಸ್ಥರೇ? ಅಷ್ಟಕ್ಕೇ ಅಲ್ಲ. ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ (2005) ಸುಪ್ರೀಂ ಕೋರ್ಟ್ ಹೇಳಿರುವಂತೆ, ವೈದ್ಯರ ಅಂದಾಜು ತಪ್ಪಿದ ಮಾತ್ರಕ್ಕೆ ಅದು ನಿರ್ಲಕ್ಷ್ಯವಾಗುವುದಿಲ್ಲ. ಅದೇ ಸ್ಥಿತಿಯಲ್ಲಿ ಒಬ್ಬ ಸಾಮಾನ್ಯ ನುರಿತ ವೈದ್ಯ ತೋರುವ ಎಚ್ಚರವನ್ನು ಇವರು ತೋರಿದರೇ ಎಂಬುದೇ ಪ್ರಶ್ನೆ. ಕ್ರಿಮಿನಲ್ ಕೇಸಿಗಂತೂ ಘೋರ ನಿರ್ಲಕ್ಷ್ಯವೇ ಬೇಕು. ಸಿಟ್ಟಿನಲ್ಲಿ ನೇರ ಪೊಲೀಸ್ ಠಾಣೆಗೆ ಹೋಗುವವರಿಗೆ ಹೆಚ್ಚಾಗಿ ನಿರಾಸೆಯಾಗುವುದು ಇದರಿಂದಲೇ.

ಪ್ರಶ್ನೆ ಗಂಭೀರವಾಗುವುದು ಎರಡನೇ ಭೇಟಿಯಲ್ಲಿ. ಒಂದೆರಡು ವಾರ ಔಷಧ ತೆಗೆದುಕೊಂಡರೂ ಊತ ಇಳಿಯದಿದ್ದರೆ ಬಯಾಪ್ಸಿ ಮಾಡಿಸಬೇಕು ಎನ್ನುವುದು ವೈದ್ಯಕೀಯದಲ್ಲಿ ಒಪ್ಪಿತವಾದ ಮಾತು. ಮ್ಯಾಮೊಗ್ರಾಂನಲ್ಲಿ ಗಡ್ಡೆ ಕಾಣದಿರಬಹುದು, ಅದನ್ನೇ ನಂಬಿ ಸುಮ್ಮನಾಗುವಂತಿಲ್ಲ. ಸ್ತನದ ಒಳಗಿಂದ ಸೂಜಿಯಲ್ಲಿ ತೆಗೆದ ತುಣುಕು, ಜೊತೆಗೆ ಚರ್ಮದ ತುಣುಕು ಪರೀಕ್ಷೆಗೆ ಹೋಗಬೇಕು. ಇದಾವುದನ್ನೂ ಸೂಚಿಸದೆ ಒಂದಾದ ಮೇಲೊಂದು ಆಂಟಿಬಯಾಟಿಕ್ ಬದಲಿಸುತ್ತಾ ತಿಂಗಳುಗಳು ಕಳೆದಿದ್ದರೆ, ಅದನ್ನು ಬರೀ ಅಂದಾಜಿನ ತಪ್ಪು ಎನ್ನುವುದು ಕಷ್ಟ.

ಅದನ್ನು ತೋರಿಸಲು ಕಾಗದ ಬೇಕಲ್ಲ! ಮೊದಲ ದಿನದ ಚೀಟಿಯಿಂದ ಹಿಡಿದು ಎಲ್ಲವನ್ನೂ ಇಟ್ಟುಕೊಳ್ಳಿ. ಚೀಟಿಯಲ್ಲಿ ತಾರೀಖು ಇದೆಯೇ, ನೀವು ಹೇಳಿದ ತೊಂದರೆ ಬರೆದಿದ್ದಾರೆಯೇ ಎಂದು ಅಲ್ಲೇ ನೋಡಿ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಗಳ ಪ್ರಕಾರ ಒಳರೋಗಿಯ ದಾಖಲೆಗಳನ್ನು 3 ವರ್ಷ ಕಾಪಾಡಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಬಾಯಿಮಾತಿನಲ್ಲಿ ಕೇಳಬೇಡಿ. ಅರ್ಜಿ ಬರೆದು, ಇನ್ನೊಂದು ಪ್ರತಿಯ ಮೇಲೆ ಸಹಿ, ಸೀಲು ಹಾಕಿಸಿಕೊಳ್ಳಿ; ಹಾಕದಿದ್ದರೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ. ಡಿಸ್ಚಾರ್ಜ್ ಸಮರಿಯೊಂದೇ ಸಾಲದು, ಕೇಸ್ ಶೀಟ್ ಕೇಳಿ. ಬಯಾಪ್ಸಿಯ ಸ್ಲೈಡ್ ಮತ್ತು ಬ್ಲಾಕ್‌ಗಳನ್ನೂ ಕೇಳಿ ಪಡೆಯಿರಿ, ಇನ್ನೊಬ್ಬ ತಜ್ಞರು ಅವನ್ನೇ ಮತ್ತೆ ನೋಡಬಹುದು. ಎರಡನೇ ಅಭಿಪ್ರಾಯ ಪಡೆಯುವುದು ರೋಗಿಯ ಹಕ್ಕೆಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿದ ಸನ್ನದಿನಲ್ಲೇ ಇದೆ.

ಈ ಕಾಯಿಲೆಯಲ್ಲಿ ಎರಡನೇ ಅಭಿಪ್ರಾಯಕ್ಕೆ ಬೇರೆಯದೇ ತೂಕವಿದೆ. ಚಿಕಿತ್ಸೆಯ ಕ್ರಮ ಹೀಗೆ: ಮೊದಲು ಕೀಮೋಥೆರಪಿ, ಆಮೇಲೆ ಸ್ತನವನ್ನೂ ಕಂಕುಳ ಗ್ರಂಥಿಗಳನ್ನೂ ತೆಗೆಯುವ ಶಸ್ತ್ರಚಿಕಿತ್ಸೆ, ಅದಾದ ಮೇಲೆ ವಿಕಿರಣ. ಪತ್ತೆಯಾದಾಗಲೇ ಇದು ಕನಿಷ್ಠ ಮೂರನೇ ಹಂತ. ಚರ್ಮಕ್ಕೂ ಹರಡಿರುವುದರಿಂದ ಮೊದಲೇ ಕತ್ತಿ ಆಡಿಸಿದರೆ ಪೂರ್ತಿ ತೆಗೆಯಲಾಗುವುದಿಲ್ಲ. ಯಾರಾದರೂ ‘ನಾಳೆಯೇ ಆಪರೇಷನ್ ಮಾಡಿಬಿಡೋಣ’ ಎಂದರೆ, ‘ಮೊದಲು ಕೀಮೋ ಯಾಕೆ ಬೇಡ ಸರ್?’ ಎಂದು ಕೇಳುವ ಹಕ್ಕು ನಿಮಗಿದೆ. ಉತ್ತರ ಕೊಡುವುದು ಅವರ ಕರ್ತವ್ಯ.

ಇಲ್ಲಿ ಸಮ್ಮತಿ ಪತ್ರದ ಮಾತು ಬರುತ್ತದೆ. ನಮ್ಮಲ್ಲಿ ಅತಿ ಹೆಚ್ಚು ಉಲ್ಲಂಘನೆಯಾಗುವ ಹಕ್ಕು ಇದೇ ಎನ್ನುವುದು ನನ್ನ ಅನಿಸಿಕೆ. ದೆಹಲಿಯ ಸಮೀರಾ ಕೊಹ್ಲಿ ಎಂಬವರು 1995ರಲ್ಲಿ ಲ್ಯಾಪರೊಸ್ಕೋಪಿ ತಪಾಸಣೆಗೆಂದು ಸಹಿ ಹಾಕಿದ್ದರು. ಅವರು ಅರಿವಳಿಕೆಯಲ್ಲಿದ್ದಾಗ ವೈದ್ಯರು ಹೊರಗೆ ಕೂತಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯಗಳನ್ನು ತೆಗೆದುಬಿಟ್ಟರು. ಸುಪ್ರೀಂ ಕೋರ್ಟ್ 2008ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿತು: ಸ್ವತಃ ನಿರ್ಧರಿಸಬಲ್ಲ ವಯಸ್ಕ ರೋಗಿಯ ಬದಲಿಗೆ ಬೇರೆಯವರು ಒಪ್ಪಿಗೆ ಕೊಡಲಾಗದು, ತಪಾಸಣೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಕೊಟ್ಟ ಒಪ್ಪಿಗೆಯಾಗದು. ಜೀವ ಉಳಿಸುವ ತುರ್ತು ಇದ್ದರೆ ಮಾತ್ರ ವಿನಾಯಿತಿ. ಅವರಿಗೆ ಸಿಕ್ಕ ಪರಿಹಾರ 25,000 ರೂಪಾಯಿ, ನಷ್ಟದ ಮುಂದೆ ಏನೂ ಅಲ್ಲ. ಆದರೆ ತೀರ್ಪಿನ ತತ್ವ ಇಂದಿಗೂ ಗಟ್ಟಿಯಾಗಿ ನಿಂತಿದೆ.

ಸ್ತನದ ವಿಷಯದಲ್ಲೂ ಅದೇ. ಬಯಾಪ್ಸಿಗೆ ಹಾಕಿದ ಸಹಿ ಸ್ತನ ತೆಗೆಯುವುದಕ್ಕೆ ಹಾಕಿದ ಸಹಿಯಲ್ಲ. ನಮ್ಮ ಮನೆಗಳಲ್ಲಿ ಡಾಕ್ಟರು ಗಂಡನನ್ನೋ ಮಗನನ್ನೋ ಪಕ್ಕಕ್ಕೆ ಕರೆದು ವಿಷಯ ಹೇಳುತ್ತಾರೆ, ‘ಅವಳಿಗೆ ಹೇಳಬೇಡಿ, ಹೆದರುತ್ತಾಳೆ’ ಎಂದು ಮನೆಯವರೂ ಕೇಳಿಕೊಳ್ಳುತ್ತಾರೆ. ಪ್ರೀತಿಯಿಂದಲೇ ಇರಬಹುದು, ಆದರೆ ಕಾಯಿಲೆ ಏನು, ಚಿಕಿತ್ಸೆ ಏನು, ಬೇರೆ ದಾರಿಯಿದೆಯೇ, ಮಾಡದಿದ್ದರೆ ಏನಾಗುತ್ತದೆ ಎಂದು ಮೊದಲು ತಿಳಿಯಬೇಕಾದವಳು ಅವಳು. ಸಮ್ಮತಿ ಪತ್ರ ಆಕೆಗೆ ತಿಳಿಯುವ ಭಾಷೆಯಲ್ಲಿರಬೇಕು. ಇಂಗ್ಲಿಷ್ ಫಾರಂ ಮುಂದಿಟ್ಟರೆ, ಕನ್ನಡದಲ್ಲಿ ವಿವರಿಸುವ ತನಕ ಪೆನ್ನು ಹಿಡಿಯಬೇಡಿ. ಖಾಲಿ ಜಾಗವಿರುವ ಫಾರಂಗೆ ಸಹಿ ಬೇಡವೇ ಬೇಡ.

ಇನ್ನು ಹಣ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯಿದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ. ತುರ್ತಲ್ಲದ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗುವ ಮುನ್ನ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಅದಿಲ್ಲದೆ ಹೋಗಿ ಕೈ ಸುಟ್ಟುಕೊಳ್ಳಬೇಡಿ. ಇಎಸ್‌ಐ ಇದ್ದವರು ವಿಸ್ತೃತ ಅನಾರೋಗ್ಯ ಭತ್ಯೆಯ ಬಗ್ಗೆ ವಿಚಾರಿಸಿ: ಕ್ಯಾನ್ಸರ್ ಆ ಪಟ್ಟಿಯಲ್ಲಿದೆ, ಅರ್ಹರಿಗೆ ಸಂಬಳದ ಶೇ 80ರಷ್ಟು 2 ವರ್ಷದವರೆಗೆ ಸಿಗುತ್ತದೆ.

ಖಾಸಗಿ ವಿಮೆಯಿದ್ದರೆ ಒಂದು ತಕರಾರಿಗೆ ಸಿದ್ಧರಾಗಿರಿ. ಹಳೆಯ ಚೀಟಿಯಲ್ಲಿ ‘ಎದೆ ಬಾವು’ ಎಂದಿರುವುದನ್ನೇ ಹಿಡಿದು, ಕಾಯಿಲೆ ಮೊದಲೇ ಇತ್ತು, ನೀವು ಮುಚ್ಚಿಟ್ಟಿರಿ ಎನ್ನಬಹುದು. ಬಯಾಪ್ಸಿ ವರದಿಯ ತಾರೀಖು ಮತ್ತು ಲಕ್ಷಣ ಶುರುವಾದದ್ದು ಯಾವಾಗ ಎಂಬ ವೈದ್ಯರ ಬರಹ ಅದಕ್ಕೆ ಉತ್ತರ. ಕ್ಲೇಮ್ ತಿರಸ್ಕರಿಸಿದರೆ ಮೊದಲು ಕಂಪನಿಗೆ ಲಿಖಿತ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮಾ ಒಂಬುಡ್ಸ್‌ಮನ್ ಬಳಿ ಹೋಗಬಹುದು. ಅಲ್ಲಿ ಶುಲ್ಕವಿಲ್ಲ, ಬೆಂಗಳೂರಿನಲ್ಲೇ ಕಚೇರಿಯಿದೆ.

ಆಸ್ಪತ್ರೆಯ ಮೇಲಿನ ದೂರಿಗೆ ದಾರಿಗಳು ಹಲವು. ವೈದ್ಯರ ವೃತ್ತಿ ನಡತೆಯ ಬಗ್ಗೆಯಾದರೆ ಕರ್ನಾಟಕ ಮೆಡಿಕಲ್ ಕೌನ್ಸಿಲ್. ಖಾಸಗಿ ಆಸ್ಪತ್ರೆಯ ಬಿಲ್ಲು, ದಾಖಲೆ, ವರ್ತನೆಯ ಬಗ್ಗೆಯಾದರೆ, 2017ರಲ್ಲಿ ತಿದ್ದುಪಡಿಯಾದ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರ. ಪರಿಹಾರದ ಹಣ ಬೇಕಿದ್ದರೆ ಗ್ರಾಹಕ ಆಯೋಗ. ಆಸ್ಪತ್ರೆಗೆ ಕಟ್ಟಿದ ಮೊತ್ತ 50 ಲಕ್ಷ ದಾಟದಿದ್ದರೆ ಜಿಲ್ಲಾ ಆಯೋಗವೇ ಸಾಕು. ಚಿಕಿತ್ಸೆ ಬೆಂಗಳೂರಿನಲ್ಲಿ ಆಗಿದ್ದರೂ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಅವಧಿ 2 ವರ್ಷ. ತಪ್ಪು ತಡವಾಗಿ ಬೆಳಕಿಗೆ ಬಂದಿದ್ದರೆ, ಅದು ಗೊತ್ತಾದ ದಿನದಿಂದ ಲೆಕ್ಕ ಹಿಡಿಯಬಹುದೆಂದು ಸುಪ್ರೀಂ ಕೋರ್ಟ್ 2010ರಲ್ಲಿ ಹೇಳಿದೆ. ಎಲ್ಲರಿಗೂ ಪೂರ್ತಿ ಉಚಿತ ಚಿಕಿತ್ಸೆ ಕೊಡುವ ಆಸ್ಪತ್ರೆಗಳು ಮಾತ್ರ ಗ್ರಾಹಕ ಕಾಯಿದೆಯ ಹೊರಗಿವೆ, ಅಲ್ಲಿ ಸಿವಿಲ್ ಕೋರ್ಟಿನ ದಾರಿ.

ವಕೀಲರ ಫೀಸಿಗೆ ಹೆದರಿ ಕೂರಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ ಪ್ರಕಾರ ಹೆಣ್ಣುಮಕ್ಕಳಿಗೆ, ಆದಾಯ ಎಷ್ಟೇ ಇರಲಿ, ಸರ್ಕಾರದ ಖರ್ಚಿನಲ್ಲೇ ವಕೀಲರು ಸಿಗುತ್ತಾರೆ. ನಿಮ್ಮ ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಒಂದು ಅರ್ಜಿ ಕೊಡಿ, ಇಲ್ಲವೇ 15100ಕ್ಕೆ ಕರೆ ಮಾಡಿ.