ಸೂರಗೊಂಡನಕೊಪ್ಪದಿಂದ ಸೇಂಟ್ ಮೇರೀಸ್‌ಗೆ: ದ್ವೀಪದ ಕಡಲತೀರ ನೋಡಿ ಬರುವ ಕ್ರಮ

ಹೊನ್ನಾಳಿ, ನ್ಯಾಮತಿ, ಚನ್ನಗಿರಿ ಕಡೆಯವರಿಗೆ ದೊಡ್ಡ ನೀರು ಎಂದರೆ ತುಂಗಭದ್ರೆ, ಭದ್ರಾ ನಾಲೆ, ಸೂಳೆಕೆರೆ. ಜಗಳೂರಿನವರಿಗೆ ಅದೂ ದೂರವೇ. ಸಮುದ್ರ ನೋಡಬೇಕೆಂದರೆ ಘಟ್ಟ ಇಳಿಯಲೇಬೇಕು. ಒಂದು ಕಾಲಕ್ಕೆ ಬಂಜಾರರ ಎತ್ತಿನ ಸಾಲುಗಳು ಉಪ್ಪು, ದವಸ ಹೇರಿಕೊಂಡು ಕರಾವಳಿಗೂ ಒಳನಾಡಿಗೂ ನಂಟು ಕಟ್ಟಿದ್ದವು. ಇಂದು ಅದೇ ಸಮುದಾಯದ ಪುಣ್ಯಕ್ಷೇತ್ರವಾದ ಸೂರಗೊಂಡನಕೊಪ್ಪದ ಸುತ್ತಲಿನ ತಾಂಡಾಗಳಲ್ಲಿ, ಹಳ್ಳಿಗಳಲ್ಲಿ ಕಡಲನ್ನು ಒಮ್ಮೆಯೂ ಕಾಣದ ಹಿರಿಯರು ಎಷ್ಟೋ ಮಂದಿ ಇದ್ದಾರೆ. ಅವರನ್ನೂ ಮಕ್ಕಳನ್ನೂ ಕರೆದುಕೊಂಡು ಹೋಗಲು ನಮ್ಮ ಕಡೆಯಿಂದ ಅನುಕೂಲವಾದ ದ್ವೀಪವೆಂದರೆ ಉಡುಪಿಯ ಮಲ್ಪೆ ಎದುರಿಗಿರುವ ಸೇಂಟ್ ಮೇರೀಸ್. ಮಲ್ಪೆಯವರು ಅದನ್ನು ತೋನ್ಸೆಪಾರ್ ಎಂದೂ ಕರೆಯುತ್ತಾರೆ.

ಒಂದು ಮಾತನ್ನು ಮೊದಲೇ ಮನಸ್ಸಿನಲ್ಲಿ ಇಟ್ಟುಕೊಂಡರೆ ಇಡೀ ಪ್ರವಾಸ ಹದವಾಗಿ ಸಾಗುತ್ತದೆ: ದ್ವೀಪಕ್ಕೆ ಹೋಗುವುದು ನೋಡುವುದಕ್ಕೆ, ನೀರಿಗೆ ಇಳಿಯುವುದು ಮಲ್ಪೆಯ ಮರಳಿನಲ್ಲಿ. ಎರಡನ್ನೂ ಅದಲು ಬದಲು ಮಾಡಿದಾಗಲೇ ಅನಾಹುತಗಳಾಗುವುದು.

ಹಂತ 1: ದಿನ ಗೊತ್ತುಮಾಡಿ

ಮಳೆಗಾಲದಲ್ಲಿ ಈ ಪ್ರವಾಸದ ಯೋಚನೆಯೇ ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲು ಪ್ರಕ್ಷುಬ್ಧವಾಗಿರುತ್ತದೆ, ಪ್ರವಾಸಿ ದೋಣಿಗಳು ದಡ ಬಿಡುವುದಿಲ್ಲ. ಕೆಲವು ವರ್ಷ ಮೇ ಮಧ್ಯದಲ್ಲೇ ನಿಲ್ಲಿಸುವುದೂ ಉಂಟು. ಯಾಂತ್ರಿಕ ಮೀನುಗಾರಿಕೆಗೂ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧ ಇರುತ್ತದೆ.

ನವೆಂಬರ್‌ನಿಂದ ಫೆಬ್ರುವರಿ ಕೊನೆಯವರೆಗಿನ ಅವಧಿ ಒಳ್ಳೆಯದು. ಮೆಕ್ಕೆಜೋಳದ ಕೊಯ್ಲು ಮುಗಿದು ಕೈ ಬಿಡುವಾಗುವ ಸಮಯವೂ ಅದೇ. ಫೆಬ್ರುವರಿ 15ರ ಸಂತ ಸೇವಾಲಾಲರ ಜಯಂತಿಗೆ ದೂರದೂರುಗಳಿಂದ ಸೂರಗೊಂಡನಕೊಪ್ಪಕ್ಕೆ ಬರುವ ನೆಂಟರು ಜಾತ್ರೆ ಮುಗಿಸಿ ಎರಡು ದಿನ ಉಳಿಯುವುದಾದರೆ ಅವರನ್ನೂ ಸೇರಿಸಿಕೊಳ್ಳಬಹುದು. ಡಿಸೆಂಬರ್ ಕೊನೆಯ ವಾರ ಮತ್ತು ಸಾಲು ರಜೆಗಳಲ್ಲಿ ದೋಣಿಯ ಸರತಿ ಬಹಳ ಉದ್ದ. ವಾರದ ನಡುವಿನ ದಿನವನ್ನೇ ಆರಿಸಿಕೊಳ್ಳಿ.

ಗೋಡೆಯ ಕ್ಯಾಲೆಂಡರ್‌ನಲ್ಲಿ ಅಮಾವಾಸ್ಯೆ, ಹುಣ್ಣಿಮೆಗಳನ್ನೂ ನೋಡಿ. ಆ ದಿನಗಳ ಆಸುಪಾಸಿನಲ್ಲಿ ಕಡಲಿನ ಏರಿಳಿತ ಹೆಚ್ಚು. ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಇಂದಿನ ಇಳಿತದ ಹೊತ್ತಿಗಿಂತ ನಾಳಿನದು ಸುಮಾರು 50 ನಿಮಿಷ ತಡ. ನೀರು ಇಳಿದಾಗ ದ್ವೀಪದ ಕಲ್ಲುಕಂಬಗಳೂ ಚಿಪ್ಪಿನ ದಂಡೆಯೂ ಹೆಚ್ಚು ತೆರೆದುಕೊಳ್ಳುತ್ತವೆ. ಆ ದಿನದ ಇಳಿತ ಎಷ್ಟು ಹೊತ್ತಿಗೆ ಎಂದು ಮೊಬೈಲ್‌ನಲ್ಲಿ ನೋಡಿಕೊಳ್ಳಬಹುದು, ಇಲ್ಲವೇ ಮಲ್ಪೆಯ ದೋಣಿಯವರನ್ನು ಕೇಳಿದರೆ ಸರಿಯಾಗಿ ಹೇಳುತ್ತಾರೆ.

ಹಂತ 2: ದಾರಿ ಮತ್ತು ವಾಹನ

ನ್ಯಾಮತಿ ಕಡೆಯಿಂದ ಮೊದಲು ಶಿವಮೊಗ್ಗ. ಅಲ್ಲಿಂದ ಸಕ್ರೆಬೈಲು, ಮಂಡಗದ್ದೆ ದಾಟಿ ತೀರ್ಥಹಳ್ಳಿ. ತೀರ್ಥಹಳ್ಳಿಯಿಂದ ಆಗುಂಬೆ, ಹೆಬ್ರಿ, ಮಣಿಪಾಲ, ಉಡುಪಿ ಮೂಲಕ ಮಲ್ಪೆವರೆಗೆ ಹೋಗುವುದು ರಾಷ್ಟ್ರೀಯ ಹೆದ್ದಾರಿ 169ಎ. ನ್ಯಾಮತಿಯಿಂದ ಉಡುಪಿಗೆ ಹತ್ತಿರ ಹತ್ತಿರ 180 ಕಿ.ಮೀ. ಘಾಟಿಯಲ್ಲಿ ವೇಗ ಸಿಗುವುದಿಲ್ಲವಾದ್ದರಿಂದ ತಿಂಡಿಯ ವಿರಾಮವೂ ಸೇರಿ ಐದು ತಾಸು ಇಟ್ಟುಕೊಳ್ಳಿ.

ಆಗುಂಬೆ ಘಾಟಿಯ ಹೇರ್‌ಪಿನ್ ತಿರುವುಗಳಲ್ಲಿ ಭಾರಿ ವಾಹನಗಳಿಗೂ ದೊಡ್ಡ ಬಸ್ಸುಗಳಿಗೂ ಅವಕಾಶವಿಲ್ಲ. ಟೆಂಪೊ ಟ್ರಾವೆಲರ್, ಕ್ರೂಸರ್, ಮಿನಿ ಬಸ್ ಇಳಿಯುತ್ತವೆ. ಶಾಲಾ ಪ್ರವಾಸಕ್ಕೆ ದೊಡ್ಡ ಬಸ್ ಗೊತ್ತುಮಾಡಿದ್ದರೆ ಮಾಸ್ತಿಕಟ್ಟೆ, ಹುಲಿಕಲ್ ಘಾಟಿ, ಹೊಸಂಗಡಿ, ಸಿದ್ದಾಪುರದ ಮೇಲೆ ಕುಂದಾಪುರ ಸೇರಿ ಉಡುಪಿಗೆ ಬರಬೇಕು. ಯಾವ ಘಾಟಿಯಾದರೂ ಹಿಂದಿನ ದಿನವೇ ರಸ್ತೆ ತೆರೆದಿದೆಯೇ ಎಂದು ವಿಚಾರಿಸಿಕೊಳ್ಳಿ. ಜನ ಹೆಚ್ಚಾದರೆಂದು ಗೂಡ್ಸ್ ಗಾಡಿಯಲ್ಲಿ ತುಂಬಿಕೊಂಡು ಘಾಟಿ ಇಳಿಯುವ ಸಾಹಸ ಖಂಡಿತ ಬೇಡ. ಅದು ಕಾನೂನಿಗೂ ವಿರುದ್ಧ, ಪ್ರಾಣಕ್ಕೂ ಅಪಾಯ.

ಬಸ್ಸಿನಲ್ಲಿ ಹೋಗುವವರು ಶಿವಮೊಗ್ಗದಲ್ಲಿ ಬಸ್ ಬದಲಿಸಬೇಕು. ಆಗುಂಬೆ ಮಾರ್ಗದಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಮಿನಿ ಬಸ್‌ಗಳು. ಮಹಿಳೆಯರಿಗೆ ಉಚಿತ ಪ್ರಯಾಣ ನೀಡುವ ಶಕ್ತಿ ಯೋಜನೆ ಅನ್ವಯಿಸುವುದು ಸರ್ಕಾರಿ ಬಸ್‌ಗಳಿಗೆ ಮಾತ್ರ. ಶಿವಮೊಗ್ಗದವರೆಗೆ ಅದನ್ನು ಬಳಸಿ, ಮುಂದಿನ ಟಿಕೆಟ್‌ಗೆ ಹಣ ಎತ್ತಿಡಿ. ಆಧಾರ್ ಜೊತೆಗಿರಲಿ. ಉಡುಪಿಯ ಸಿಟಿ ಬಸ್ ನಿಲ್ದಾಣದಿಂದ ಮಲ್ಪೆಗೆ ಬಸ್‌ಗಳು ಮೇಲಿಂದ ಮೇಲೆ ಸಿಗುತ್ತವೆ.

ಒಂದೇ ದಿನದಲ್ಲಿ ಹೋಗಿ ಬರುವುದು ನ್ಯಾಮತಿ, ಹೊನ್ನಾಳಿಯವರಿಗೂ ಆಯಾಸವೇ. ಚನ್ನಗಿರಿ, ಜಗಳೂರಿನವರಿಗೆ ಆಗದ ಮಾತು. ಮೊದಲ ದಿನ ಮಧ್ಯಾಹ್ನದೊಳಗೆ ಉಡುಪಿ ಸೇರಿ, ಶ್ರೀಕೃಷ್ಣ ಮಠ ನೋಡಿ, ರಾತ್ರಿ ಉಡುಪಿಯಲ್ಲೋ ಮಲ್ಪೆಯಲ್ಲೋ ಉಳಿಯಿರಿ. ಮಠದ ಭೋಜನಶಾಲೆಯಲ್ಲಿ ಮಧ್ಯಾಹ್ನ ಭಕ್ತರಿಗೆ ಊಟವಿದೆ. ಕನಕನ ಕಿಂಡಿಯನ್ನು ಮಕ್ಕಳಿಗೆ ತೋರಿಸಿ. ಕನಕದಾಸರು ನಮ್ಮ ಪಕ್ಕದ ಹಾವೇರಿ ಸೀಮೆಯ ಬಾಡದವರು ಎಂದು ತಿಳಿಸಿದರೆ ಅವರ ಕುತೂಹಲ ಇನ್ನೂ ಹೆಚ್ಚುತ್ತದೆ.

ಹಂತ 3: ಚೀಲಕ್ಕೆ ಏನೇನು?

• ಹಿಂಬದಿ ಪಟ್ಟಿ ಇರುವ, ಜಾರದ ರಬ್ಬರ್ ಚಪ್ಪಲಿ. ಚರ್ಮದ್ದು ಉಪ್ಪುನೀರಿಗೆ ಹಾಳಾಗುತ್ತದೆ. ಹವಾಯಿ ಚಪ್ಪಲಿ ಬಂಡೆಯ ಮೇಲೆ ಜಾರುತ್ತದೆ.
• ಬೇಗ ಒಣಗುವ ತೆಳು ಹತ್ತಿ ಬಟ್ಟೆ, ಒಂದು ಜೊತೆ ಹೆಚ್ಚುವರಿ ಬಟ್ಟೆ, ಟವೆಲ್.
• ಟೋಪಿ. ದ್ವೀಪದಲ್ಲಿ ತೆಂಗಿನ ಮರಗಳ ನೆರಳು ಬಿಟ್ಟರೆ ಬೇರೆ ಆಸರೆ ಕಡಿಮೆ.
• ಮೊಬೈಲ್, ಹಣ ಇಡಲು ಬಾಯಿ ಬಿಗಿಯುವ ಪ್ಲಾಸ್ಟಿಕ್ ಚೀಲ.
• ತಲೆಗೊಂದು ಮರುಬಳಕೆಯ ಬಾಟಲಿ ನೀರು, ಓಆರ್‌ಎಸ್ ಪೊಟ್ಟಣ.
• ಗಾಯಕ್ಕೆ ಹತ್ತಿ, ಬ್ಯಾಂಡೇಜ್, ಮುಲಾಮು. ದಿನವೂ ತೆಗೆದುಕೊಳ್ಳುವ ಮಾತ್ರೆಗಳು.

ತಾಂಡಾದ ಅಜ್ಜಿಯಂದಿರು ಫೇಟಿಯಾ, ಕಾಂಚಳಿ ತೊಟ್ಟೇ ಹೊರಡುವುದಾದರೆ ಒಂದು ಎಚ್ಚರ ಬೇಕು. ಕನ್ನಡಿ, ಕಸೂತಿ ತುಂಬಿದ ಘೇರು ನೀರಿನಲ್ಲಿ ನೆನೆದರೆ ಕಾಲಿಗೆ ಸುತ್ತಿಕೊಂಡು ಎಳೆಯುತ್ತದೆ. ದೋಣಿ ಹತ್ತಿ ಇಳಿಯುವ ಹೊತ್ತಿಗಾದರೂ ಹಗುರ ಸೀರೆ ಉಡುವುದು ಸುರಕ್ಷಿತ. ಹಳೆಯ ಬೆಳ್ಳಿ ಒಡವೆಗಳನ್ನು ಮನೆಯಲ್ಲೇ ಬಿಟ್ಟು ಬನ್ನಿ. ಮರಳಿನಲ್ಲಿ ಕಳಚಿಬಿದ್ದದ್ದು ಮರಳಿ ಸಿಗುವುದಿಲ್ಲ.

ಹಂತ 4: ದೋಣಿ ಹತ್ತುವುದು

ಬೆಳಿಗ್ಗೆ 9ರ ಹೊತ್ತಿಗೆ ಟಿಕೆಟ್ ಕೌಂಟರ್ ಮುಂದೆ ಇರಿ. ಮಧ್ಯಾಹ್ನದ ಮೇಲೆ ಕಡಲಗಾಳಿ ಬಲವಾಗಿ ಅಲೆ ಹೆಚ್ಚುವುದರಿಂದ ಬೆಳಗಿನ ದೋಣಿ ಮಕ್ಕಳಿಗೂ ಹಿರಿಯರಿಗೂ ಹಿತ. ಮಲ್ಪೆಯ ಮೀನುಗಾರಿಕಾ ಬಂದರಿನಿಂದ ದೊಡ್ಡ ದೋಣಿ, ಕಡಲತೀರದಿಂದ ಚಿಕ್ಕ ದೋಣಿ ಹೊರಡುತ್ತವೆ. ಸಾಕಷ್ಟು ಜನ ಸೇರಿದ ಮೇಲೆಯೇ ಬಿಡುವುದು ರೂಢಿ, ತಾಳ್ಮೆ ಇರಲಿ. ಪ್ರಯಾಣ ಸುಮಾರು ಅರ್ಧ ತಾಸು. ದೋಣಿಗೆ ಕಾಲಿಡುವ ಮೊದಲೇ ಮೂರು ಸಂಗತಿ ಕೇಳಿ ತಿಳಿದುಕೊಳ್ಳಿ: ವಾಪಸಾತಿ ಇದೇ ಟಿಕೆಟ್‌ನಲ್ಲಿ ಸೇರಿದೆಯೇ, ದ್ವೀಪದಲ್ಲಿ ಎಷ್ಟು ಹೊತ್ತು ಬಿಡುತ್ತಾರೆ, ಕೊನೆಯ ದೋಣಿ ಎಷ್ಟು ಗಂಟೆಗೆ. ದ್ವೀಪದಲ್ಲಿ ರಾತ್ರಿ ಉಳಿಯಲು ಅವಕಾಶವಿಲ್ಲ.

ಲೈಫ್ ಜಾಕೆಟ್ ಹಾಕಿಕೊಂಡರೆ ಸಾಲದು, ಅದರ ಬಕಲ್ ಬಿಗಿಯಬೇಕು. ಮಗುವಿಗೆ ಹಾಕಿದ ಜಾಕೆಟ್ಟನ್ನು ಭುಜದ ಬಳಿ ಹಿಡಿದು ಮೇಲಕ್ಕೆ ಎತ್ತಿ ನೋಡಿ. ಅದು ಕಿವಿಯವರೆಗೆ ಜಾರಿದರೆ ಅಳತೆ ದೊಡ್ಡದು ಎಂದರ್ಥ. ಬೇರೆಯದು ಕೇಳಿ ಪಡೆಯಿರಿ. ಜಾಕೆಟ್ ಇಲ್ಲದ ದೋಣಿ ಹತ್ತಬೇಡಿ.

ಹೊರಡುವ ಮುಂಚೆ ಹೊಟ್ಟೆ ಖಾಲಿಯೂ ಇರಬಾರದು, ಭಾರವೂ ಆಗಬಾರದು. ಎರಡು ಇಡ್ಲಿ ಸಾಕು. ವಾಂತಿಯ ಕಾಟ ಇರುವವರು ದೋಣಿಯ ಮಧ್ಯಭಾಗದಲ್ಲಿ ಕುಳಿತು ದೂರದ ಬಾನಂಚಿನ ಕಡೆ ದೃಷ್ಟಿ ಇಡಿ, ಮೊಬೈಲ್ ನೋಡಬೇಡಿ. ವಾಂತಿ ತಡೆಯುವ ಮಾತ್ರೆ ಬೇಕೆನಿಸಿದರೆ ಊರಲ್ಲೇ ವೈದ್ಯರನ್ನು ಕೇಳಿ ತನ್ನಿ. ಆಗುಂಬೆ ಘಾಟಿಗೂ ಅದು ಉಪಯೋಗಕ್ಕೆ ಬರುತ್ತದೆ.

ದೊಡ್ಡ ದೋಣಿ ದಂಡೆಯವರೆಗೆ ಹೋಗಲಾಗದಿದ್ದರೆ ಚಿಕ್ಕ ದೋಣಿಗೆ ದಾಟಿಸುತ್ತಾರೆ, ಅಥವಾ ಮೊಣಕಾಲು ನೀರಿಗೆ ಇಳಿಸುತ್ತಾರೆ. ಅಲೆಗೆ ದೋಣಿ ಏರುತ್ತದೆ, ಇಳಿಯುತ್ತದೆ. ಇಳಿದ ಗಳಿಗೆಯಲ್ಲಿ ದೋಣಿಯವರು ಕೈ ಚಾಚಿ ‘ಬನ್ನಿ’ ಎನ್ನುತ್ತಾರೆ. ಆಗ ಹೆಜ್ಜೆ ಇಡಿ, ಅದಕ್ಕೂ ಮೊದಲು ಬೇಡ. ಎರಡೂ ಕೈ ಖಾಲಿ ಇರಲಿ, ಮಗುವನ್ನು ದೋಣಿಯವರ ಕೈಗೇ ಕೊಡಿ. ಮಂಡಿನೋವಿನ ಹಿರಿಯರು ಇದ್ದರೆ ಟಿಕೆಟ್ ಕೊಳ್ಳುವಾಗಲೇ ತಿಳಿಸಿ.

ಹಂತ 5: ದ್ವೀಪದಲ್ಲಿ ನೋಡಬೇಕಾದ್ದು

ಇದು ಒಂದೇ ದ್ವೀಪವಲ್ಲ, ಚಿಕ್ಕ ದ್ವೀಪಗಳ ಸಾಲು. ಪ್ರವಾಸಿಗರು ಇಳಿಯುವುದು ತೆಂಗಿನ ದ್ವೀಪದಲ್ಲಿ. ಉದ್ದ ಅರ್ಧ ಕಿ.ಮೀ. ಇದ್ದರೆ ಹೆಚ್ಚು, ಅಗಲ ಅದಕ್ಕಿಂತಲೂ ಬಹಳ ಕಡಿಮೆ. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿಗೆ ಬಂದು ಮೇರಿಮಾತೆಯ ಹೆಸರಿಟ್ಟನೆಂಬ ಪ್ರತೀತಿ ಇದೆ.

ಇಲ್ಲಿನ ನಿಜವಾದ ಸಂಪತ್ತು ಕಲ್ಲು. ಆರು ಮುಖದ, ಕೆಲವೆಡೆ ಐದು, ಏಳು ಮುಖದ ಕಂಬಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ಎತ್ತರದವು 6 ಮೀಟರ್‌ನಷ್ಟಿವೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ನೆಲದೊಳಗಿಂದ ಉಕ್ಕಿದ ಲಾವಾ ಇದು. ಬೇಸಿಗೆಯಲ್ಲಿ ನಮ್ಮ ಕೆರೆಯಂಗಳದ ಕೆಸರು ಒಣಗಿ ಬಿರಿಯುವ ಹಾಗೆ, ಈ ಲಾವಾ ಆರುತ್ತಾ ಕುಗ್ಗಿ ಬಿರಿಯಿತು. ಬಿರುಕು ಮೇಲಿಂದ ಕೆಳಕ್ಕೆ ಇಳಿದು ಕಂಬಗಳಾದವು. ಹಲವರು ಇದನ್ನು ಬಸಾಲ್ಟ್ ಎನ್ನುತ್ತಾರಾದರೂ, ಇದು ಸಿಲಿಕಾ ಹೆಚ್ಚಿರುವ ರಯೋಲೈಟ್–ಡೇಸೈಟ್ ಗುಂಪಿನ ಶಿಲೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಈ ತಾಣವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿದೆ. ಶಾಲಾ ಮಕ್ಕಳಿದ್ದರೆ ಒಂದು ಕಂಬದ ತಲೆಯ ಅಂಚುಗಳನ್ನು ಬೆರಳಿನಿಂದ ಮುಟ್ಟಿ ಎಣಿಸಲು ಹೇಳಿ. ಪುಸ್ತಕದ ಪಾಠ ಅಲ್ಲೇ ಮನದಟ್ಟಾಗುತ್ತದೆ.

ದಂಡೆಯಲ್ಲಿ ಮರಳಿಗಿಂತ ಚಿಪ್ಪೇ ಹೆಚ್ಚು. ನೋಡಿ, ಫೋಟೊ ತೆಗೆಯಿರಿ, ಅಲ್ಲೇ ಬಿಡಿ. ಚಿಪ್ಪಾಗಲಿ ಕಲ್ಲಿನ ಚೂರಾಗಲಿ ಚೀಲ ಸೇರಬಾರದು. ಹೆಸರು ಕೆತ್ತುವುದು, ತಿಂಡಿಯ ಪೊಟ್ಟಣ ಎಸೆಯುವುದು ಅಪಚಾರ. ದ್ವೀಪಕ್ಕೆ ಏನು ಒಯ್ಯಬಹುದು, ಏನು ಒಯ್ಯಬಾರದು ಎಂದು ಕೌಂಟರ್‌ನಲ್ಲಿ ಕೇಳಿ ಹಾಗೆಯೇ ನಡೆಯಿರಿ. ಒಯ್ದದ್ದನ್ನು ತಪ್ಪದೆ ವಾಪಸ್ ತನ್ನಿ.

ಬಂಡೆಗಳ ವಿಷಯದಲ್ಲಿ ಸಲುಗೆ ಬೇಡ. ಕಪ್ಪಗೆ, ಹಸಿರು ಪಾಚಿಯಾಗಿ ಹೊಳೆಯುವ ಕಲ್ಲು ಎಂದರೆ ಅಲೆ ಅಲ್ಲಿಯವರೆಗೆ ಬರುತ್ತದೆ ಎಂದರ್ಥ. ಅದರ ಮೇಲೆ ಕಾಲಿಡಬಾರದು. 2022ರ ಏಪ್ರಿಲ್‌ನಲ್ಲಿ ಕೇರಳದಿಂದ ಪ್ರವಾಸ ಬಂದಿದ್ದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಈ ದ್ವೀಪದಲ್ಲೇ ಸಮುದ್ರದ ಪಾಲಾದರು. ಕಡಲಿಗೆ ಬೆನ್ನು ಮಾಡಿ ಸೆಲ್ಫಿ ತೆಗೆಯಬೇಡಿ. ಲೈಫ್‌ಗಾರ್ಡ್ ಸೀಟಿ ಊದಿದರೆ ವಾದ ಮಾಡದೆ ಹಿಂದೆ ಬನ್ನಿ. ಬಂಡೆಗೆ ಅಂಟಿದ ಚಿಪ್ಪುಗಳು ಬ್ಲೇಡಿನಷ್ಟು ಹರಿತವಾಗಿರುತ್ತವೆ. ಕೊಯ್ದುಕೊಂಡರೆ ಸಿಹಿನೀರಿನಲ್ಲಿ ತೊಳೆದು ಪಟ್ಟಿ ಕಟ್ಟಿ.

ಹಂತ 6: ನೀರಾಟ ಮಲ್ಪೆಯಲ್ಲಿ

ದ್ವೀಪದಿಂದ ಮರಳಿದ ಮೇಲೆ ಮಲ್ಪೆಯ ಅಗಲವಾದ ಮರಳ ದಂಡೆಯಲ್ಲಿ ಕಾಲು ನೆನೆಸಿಕೊಳ್ಳಿ. ಸೂಳೆಕೆರೆಯಲ್ಲೋ ಭದ್ರಾ ನಾಲೆಯಲ್ಲೋ ಈಜು ಕಲಿತವರಿಗೆ ಧೈರ್ಯ ಹೆಚ್ಚು. ಆದರೆ ಕಡಲಿನ ನಡವಳಿಕೆಯೇ ಬೇರೆ. ಪಾದ ಮುಳುಗುವಷ್ಟು ನೀರಿನಲ್ಲಿ ಸುಮ್ಮನೆ ನಿಂತು ನೋಡಿ: ಅಲೆ ಹಿಂದಕ್ಕೆ ಹೋಗುವಾಗ ಹಿಮ್ಮಡಿಯ ಕೆಳಗಿನ ಮರಳನ್ನು ಕೊರೆದು ಒಯ್ಯುತ್ತದೆ, ಮೈ ತಾನಾಗಿ ವಾಲುತ್ತದೆ. ಪಾದದ ಮಟ್ಟದಲ್ಲೇ ಅಷ್ಟು ಬಲವಿದ್ದರೆ ಸೊಂಟದ ಮಟ್ಟದಲ್ಲಿ ಎಷ್ಟಿರಬಹುದು ಎಂದು ಅದರಿಂದಲೇ ಅಳೆಯಿರಿ.

ಅಲೆಗಳ ನಡುವೆ ಒಂದು ಕಡೆ ಮಾತ್ರ ನೀರು ಶಾಂತವಾಗಿ, ಬಣ್ಣ ಗಾಢವಾಗಿ ಕಂಡರೆ ಅಲ್ಲಿ ಇಳಿಯಬೇಡಿ. ದಡಕ್ಕೆ ಬಂದ ನೀರು ರಭಸದಿಂದ ವಾಪಸ್ ಹೋಗುವ ಸೆಳೆತ ಇರುವುದು ಅಲ್ಲಿಯೇ. ಸಿಕ್ಕಿಕೊಂಡರೆ ನೇರ ದಡದ ಕಡೆ ಈಜಿ ದಣಿಯಬೇಡಿ. ತೇಲುತ್ತಾ ಕೈ ಎತ್ತಿ ಸಹಾಯ ಕೇಳಿ, ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬನ್ನಿ. ಬೇರೆಯವರು ಸಿಕ್ಕಿಕೊಂಡರೆ ನೀವೂ ಧುಮುಕಬೇಡಿ. ಲೈಫ್‌ಗಾರ್ಡ್‌ನನ್ನು ಕೂಗಿ, ತೇಲುವ ವಸ್ತು ಏನಿದ್ದರೂ ಎಸೆಯಿರಿ. ಕೆಂಪು ಬಾವುಟ ಕಂಡ ದಿನ ದಂಡೆಯಲ್ಲೇ ಕುಳಿತು ನೋಡಿ. ಗುಂಪಿನಲ್ಲಿ ಒಬ್ಬರು ನೀರಿಗಿಳಿಯದೆ ಮಕ್ಕಳನ್ನೇ ಗಮನಿಸುತ್ತಿರಬೇಕು, ಆ ಸರದಿಯನ್ನು ಮೊದಲೇ ಹಂಚಿಕೊಳ್ಳಿ. ಮದ್ಯ ಸೇವಿಸಿದವರನ್ನು ನೀರಿಗೆ ಬಿಡಬೇಡಿ.

ತುರ್ತು ನೆರವಿಗೆ 112, ಆಂಬುಲೆನ್ಸ್‌ಗೆ 108, ಕರಾವಳಿ ಕಾವಲು ಪೊಲೀಸರಿಗೆ 1093.

ಹಂತ 7: ಹಿಂದಿರುಗುವುದು

ಮಲ್ಪೆಯಿಂದ ಮಧ್ಯಾಹ್ನ 3.30ರೊಳಗೆ ಹೊರಟರೆ ಬೆಳಕಿರುವಾಗಲೇ ಆಗುಂಬೆ ಘಾಟಿ ಹತ್ತಬಹುದು. ಆಕಾಶ ತಿಳಿಯಾಗಿದ್ದರೆ ಅಲ್ಲಿನ ಸೂರ್ಯಾಸ್ತ ವೀಕ್ಷಣಾ ಸ್ಥಳದಿಂದ ದೂರದ ಅರಬ್ಬೀ ಸಮುದ್ರದ ಕಡೆ ಸೂರ್ಯ ಮುಳುಗುವುದೂ ಕಾಣುತ್ತದೆ. ಕತ್ತಲು, ಮಂಜು ಸೇರಿದ ಮೇಲೆ ಘಾಟಿ ಹತ್ತುವುದಕ್ಕಿಂತ ಇನ್ನೊಂದು ರಾತ್ರಿ ಉಡುಪಿಯಲ್ಲೇ ಉಳಿಯುವುದು ಮೇಲು.

ದೋಣಿ ನಿಂತಿದ್ದರೆ?

ಗಾಳಿ ಎದ್ದು ಆ ದಿನ ದೋಣಿ ಬಿಡದೇ ಇರಬಹುದು. ಅಷ್ಟು ದೂರದಿಂದ ಬಂದಿದ್ದೇವೆ ಎಂದು ಒತ್ತಾಯ ಮಾಡಬೇಡಿ, ಹೆಚ್ಚು ಹಣ ಕೊಟ್ಟು ಮೀನುಗಾರರ ದೋಣಿ ಹತ್ತಬೇಡಿ. ಮಲ್ಪೆಯ ವಡಭಾಂಡೇಶ್ವರದ ಬಲರಾಮ ದೇವಸ್ಥಾನ, ಸೀ ವಾಕ್, ಬಂದರಿನ ಮೀನು ಹರಾಜು, ಪಡುಕೆರೆ ದಂಡೆ, ಉಡುಪಿಗೆ ದಕ್ಷಿಣದಲ್ಲಿ 1901ರ ಕಾಪು ದೀಪಸ್ತಂಭ ಇವೆಲ್ಲಾ ಇಡೀ ದಿನಕ್ಕೆ ಸಾಕು. ಕಡಲಿನ ಮೇಲೆ ಬದುಕು ಕಟ್ಟಿಕೊಂಡ ಮೊಗವೀರರೇ ಈ ಹೊತ್ತು ಬೇಡ ಎಂದರೆ, ಅದಕ್ಕಿಂತ ಒಳ್ಳೆಯ ಸಲಹೆ ನಿಮಗೆ ಬೇರೆ ಯಾರಿಂದಲೂ ಸಿಗುವುದಿಲ್ಲ. ಅವರ ಮಾತು ಕೇಳಿ. ಮನೆಮಂದಿಯೆಲ್ಲ ಕ್ಷೇಮವಾಗಿ ಊರು ಸೇರಿದರೆ ಇನ್ನೊಂದು ಸಲ ಹೊರಡಲು ಯಾವ ಅಡ್ಡಿಯೂ ಇಲ್ಲ.