ದೊಡ್ಡ ಕರುಳಿನ ವ್ರಣವೂ ಕ್ಯಾನ್ಸರಿನ ಪೂರ್ವಸೂಚನೆಯೂ

ನಮ್ಮ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯಲ್ಲಿ ಮಲದೊಡನೆ ರಕ್ತ ಬಿದ್ದರೆ ಮೂಲವ್ಯಾಧಿಯೆಂದೆಣಿಸಿ ಸುಮ್ಮನಾಗುವವರುಂಟು. ಆದರೆ ದೊಡ್ಡ ಕರುಳಿನ ಒಳಪೊರೆಯು ಊದಿ, ಹುಣ್ಣಾಗಿ, ಶಮನಗೊಂಡು ಮತ್ತೆ ಮರುಕಳಿಸುವ ಅಲ್ಸರೇಟಿವ್ ಕೊಲೈಟಿಸ್ ಎಂಬ ದೀರ್ಘವ್ಯಾಧಿಯೂ ಹೀಗೆಯೇ ತಲೆದೋರುತ್ತದೆ.

ಈ ವ್ಯಾಧಿಯು ಬಹುಕಾಲ ನಿಂತರೆ ಕೆಲವರಲ್ಲಿ ಒಳಪೊರೆಯ ಜೀವಕೋಶಗಳು ವಿಕಾರ ಹೊಂದಿ ಕ್ಯಾನ್ಸರಿನತ್ತ ಸಾಗುತ್ತವೆ. ಈ ವಿಕಾರಕ್ಕೆ ಡಿಸ್‌ಪ್ಲೇಸಿಯಾ ಎಂದು ಹೆಸರು. ಇದಕ್ಕೆ ನೋವಿಲ್ಲ, ಹೊರಗುರುತಿಲ್ಲ. ಗುದನಾಳದಿಂದ ತೆಗೆದ ಚಿಕ್ಕ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಇದನ್ನು ಮುಂಚಿತವಾಗಿಯೇ ಗುರುತಿಸಬಹುದೆಂದು 1967ರಲ್ಲಿ ಮಾರ್ಸನ್ ಮತ್ತು ಪ್ಯಾಂಗ್ ಎಂಬ ತಜ್ಞರು ತೋರಿಸಿದರು.

ಇಂದು, ರೋಗಲಕ್ಷಣವು ಮೊದಲು ಕಂಡು 8 ವರ್ಷಗಳಾದಾಗ, ಕೊಲೊನೋಸ್ಕೋಪಿಯಿಂದ ದೊಡ್ಡ ಕರುಳನ್ನೆಲ್ಲ ನೋಡಿಸುವುದು ವಿಹಿತ. ರೋಗವು ಗುದನಾಳವನ್ನು ಮೀರಿ ಹಬ್ಬಿದ್ದರೆ, ಅಪಾಯದ ತಾರತಮ್ಯವನ್ನರಿತು, 1ರಿಂದ 5 ವರ್ಷಗಳಿಗೊಮ್ಮೆ ಪುನಃ ನೋಡುವರು. ಪಿತ್ತನಾಳಗಳು ಗಟ್ಟಿಯಾಗಿ ಕಿರಿದಾಗುವ ರೋಗವೂ ಕೂಡಿದ್ದರೆ ಕಾಯುವಂತಿಲ್ಲ. ಅದು ತಿಳಿದ ಕೂಡಲೇ ಆರಂಭಿಸಿ ಪ್ರತಿವರ್ಷವೂ ನೋಡಬೇಕು. ಚಪ್ಪಟೆಯಾದ ವಿಕಾರವು ಕಣ್ಣಿಗೆ ತಪ್ಪಬಹುದಾದುದರಿಂದ, ಇಂಡಿಗೊ ಕಾರ್ಮೈನ್‌ನಂತಹ ನೀಲಿ ಬಣ್ಣವನ್ನು ಸಿಂಪಡಿಸಿ ಅದರ ಅಂಚು ಎದ್ದು ಕಾಣುವಂತೆ ಮಾಡುವರು. ಸಂಶಯವಿದ್ದೆಡೆಯಿಂದ ತುಣುಕು ತೆಗೆದು ಪರೀಕ್ಷಿಸುವರು. ಉರಿಯೂತವೂ ಕೋಶಗಳನ್ನು ವಿಕಾರಗೊಂಡಂತೆ ತೋರಿಸಬಲ್ಲದು. ಆದಕಾರಣ ರೋಗವು ಶಾಂತವಾಗಿರುವ ಕಾಲವೇ ಪರೀಕ್ಷೆಗೆ ಪ್ರಶಸ್ತ.

ಜನರು ಎಡವುವುದು ಇಲ್ಲಿಯೇ. ಗುಣವಾಯಿತೆಂದು ಹೊಲತೋಟಗಳಿಗೆ ಮರಳಿದವನು ವೈದ್ಯರನ್ನು ಮರೆಯುತ್ತಾನೆ. ನೋಡಬೇಕಾದ ಕಾಲವೇ ಕಳೆದುಹೋಗುತ್ತದೆ. ಆದ್ದರಿಂದ ಮನೆಯಲ್ಲಿ ಇಂತಹ ರೋಗಿಯಿದ್ದರೆ, ವಿದ್ಯಾರ್ಥಿಗಳು ರಕ್ತ ಮೊದಲು ಕಂಡ ವರ್ಷವನ್ನು ಕೇಳಿ ಬರೆದಿಡಲಿ. 8ನೆಯ ವರ್ಷದಲ್ಲಿ ಹಿರಿಯರಿಗೆ ಅದನ್ನು ನೆನಪಿಸಲಿ. ಓದು ಬರಹ ಕಲಿತುದಕ್ಕೆ ಇದೂ ಒಂದು ಸಾರ್ಥಕತೆ.